ಡಿಸೆಂಬರ್ ರಜೆಗೆ ಉಲುರು, ಕೇರ್ನ್ಸ್ ಎರಡೂ ಆಗುತ್ತಾ?

ಪ್ರಶ್ನೆ: ಮಗ-ಸೊಸೆ ಮೆಲ್ಬರ್ನ್‌ನಲ್ಲಿದ್ದಾರೆ. ಡಿಸೆಂಬರ್‌ನಲ್ಲಿ ಹೋಗುತ್ತಿದ್ದೇವೆ. ಉಲುರು ಬಂಡೆ ನೋಡಿಕೊಂಡು, ಆಮೇಲೆ ಕೇರ್ನ್ಸ್ ಕಡಲತೀರದಲ್ಲಿ ನಾಲ್ಕು ದಿನ ಆರಾಮಾಗಿ ಇರೋಣ ಅಂತಿದ್ದೇವೆ. ಅಲ್ಲಿ ಆಗ ಬೇಸಿಗೆಯಂತೆ, ಒಳ್ಳೆಯ ಸಮಯ ಅಲ್ವಾ?

ಅಲ್ಲ. ಹೋಗಲು ಅಡ್ಡಿಯೇನಿಲ್ಲ. ವಿಮಾನ ಇದೆ, ರೂಮೂ ಸಿಗುತ್ತದೆ. ಆದರೆ ನೀವು ಅಂದುಕೊಂಡಿರುವ ಪ್ರವಾಸ ಸಿಗುವುದಿಲ್ಲ. ದೀಪಾವಳಿ ಮುಗಿಯುತ್ತಿದ್ದಂತೆ ಈ ಪ್ರಶ್ನೆ ಬಂದೇ ಬರುತ್ತದೆ, ನಾನೂ ಅದೇ ಉತ್ತರ ಕೊಡುತ್ತಲೇ ಇರುತ್ತೇನೆ. ಇವತ್ತು ಬಿಡಿಸಿ ಹೇಳಿಬಿಡುತ್ತೇನೆ.

'ಆಸ್ಟ್ರೇಲಿಯಾದಲ್ಲಿ ಡಿಸೆಂಬರ್ ಬೇಸಿಗೆ, ಹಾಗಾಗಿ ಅದೇ ಸುತ್ತಾಡುವ ಕಾಲ' ಅನ್ನುವ ಮಾತು ಸಿಡ್ನಿ, ಮೆಲ್ಬರ್ನ್, ಹೋಬಾರ್ಟ್ ಮಟ್ಟಿಗೆ ಸರಿ. ನಮ್ಮವರು ಜಾಸ್ತಿ ಇರುವುದು ಅಂಥ ದಕ್ಷಿಣದ ಊರುಗಳಲ್ಲೇ. ಅವರ ಬಾಯಿಂದ ಕೇಳಿದ್ದನ್ನು ನಾವು ಇಡೀ ದೇಶಕ್ಕೆ ಅನ್ವಯಿಸಿಬಿಡುತ್ತೇವೆ. ಮೆಲ್ಬರ್ನ್‌ನಿಂದ ಕೇರ್ನ್ಸ್‌ಗೆ ವಿಮಾನದಲ್ಲೇ ಮೂರು ಗಂಟೆ ದಾಟುತ್ತದೆ. ಅಷ್ಟು ದೂರದಲ್ಲಿ ಅದೇ ಹವಾಮಾನ ಇರುತ್ತದಾ?

ಕೇರ್ನ್ಸ್ ಇರುವುದು ಈಶಾನ್ಯದ ತುದಿಯ ಕಡೆ, ಅಲ್ಲಿರುವುದು ಎರಡೇ ಕಾಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ, ಉಳಿದ ತಿಂಗಳು ಒಣ ಹವೆ. ಅಲ್ಲಿನ ಫೆಬ್ರವರಿ ಅಂದರೆ ನಮ್ಮ ಕರಾವಳಿಯ ಜುಲೈ ಇದ್ದಂತೆ. 2023ರ ಡಿಸೆಂಬರ್‌ನಲ್ಲಿ ಜಾಸ್ಪರ್ ಚಂಡಮಾರುತದ ಮಳೆಗೆ ಕೇರ್ನ್ಸ್ ವಿಮಾನ ನಿಲ್ದಾಣಕ್ಕೇ ನೀರು ನುಗ್ಗಿ ಮುಚ್ಚಬೇಕಾಯಿತು. ಪ್ರತಿ ವರ್ಷ ಹಾಗಾಗುವುದಿಲ್ಲ, ನಿಜ. ಆದರೆ ಸಮುದ್ರಕ್ಕೆ ಇಳಿಯುವ ಆಸೆ ಇದ್ದರೆ ಇನ್ನೊಂದು ತೊಡಕು ಪ್ರತಿ ವರ್ಷವೂ ಇರುತ್ತದೆ. ಅದು ಬಾಕ್ಸ್ ಜೆಲ್ಲಿಫಿಶ್ ಎನ್ನುವ ವಿಷದ ಲೋಳೆಮೀನು. ನವೆಂಬರ್‌ನಿಂದ ಮೇವರೆಗೆ ಇವು ದಡದ ಹತ್ತಿರ ಬರುತ್ತವೆ. ಕುಟುಕಿದರೆ ಪ್ರಾಣಕ್ಕೇ ಅಪಾಯ. ಇರುಕಾಂಜಿ ಎನ್ನುವ ಜಾತಿಯದು ಉಗುರಿನಷ್ಟೇ ಗಾತ್ರ, ನೀರಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಬೀಚ್‌ಗಳಲ್ಲಿ ಕಂಬಕ್ಕೆ ವಿನೆಗರ್ ಬಾಟಲಿ ಸಿಕ್ಕಿಸಿಟ್ಟಿರುತ್ತಾರೆ, ಕುಟುಕಿದ ಜಾಗಕ್ಕೆ ತಕ್ಷಣ ಸುರಿಯಲಿ ಅಂತ. ಆಗ ಬಲೆ ಕಟ್ಟಿದ ಜಾಗದೊಳಗೆ, ಮೈತುಂಬ ಲೈಕ್ರಾ ಸೂಟ್ ತೊಟ್ಟು ಈಜಬೇಕು. ಆ ಬಲೆಯೂ ಇರುಕಾಂಜಿಯನ್ನು ಪೂರ್ತಿ ತಡೆಯುವುದಿಲ್ಲ.

ದೇಶದ ನಡುವಿನ ಮರುಭೂಮಿಯಲ್ಲಿರುವ ಉಲುರು ಕಡೆ ಮಳೆಯ ಕಾಟ ಕಡಿಮೆ, ಬಿಸಿಲಿನ ಕಾಟ ವಿಪರೀತ. ಡಿಸೆಂಬರ್, ಜನವರಿಯಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ. ಬಂಡೆಯ ಸುತ್ತ 10.6 ಕಿಲೋಮೀಟರ್ ಕಾಲುದಾರಿ ಇದೆ, ನೆರಳು ಅಲ್ಲಲ್ಲಿ ಮಾತ್ರ. ಪಕ್ಕದ ಕಾಟಾ ಜುಟಾ ಎನ್ನುವ ಬಂಡೆಗುಡ್ಡಗಳಲ್ಲಿ 'ವ್ಯಾಲಿ ಆಫ್ ದಿ ವಿಂಡ್ಸ್' ದಾರಿಯನ್ನಂತೂ ಮುನ್ಸೂಚನೆ 36 ಡಿಗ್ರಿ ಮುಟ್ಟಿದ ದಿನ ಬೆಳಿಗ್ಗೆ 11ಕ್ಕೇ ಮುಚ್ಚುತ್ತಾರೆ. ಅಷ್ಟು ದುಡ್ಡು ಸುರಿದು ಹೋಗಿ ಮಧ್ಯಾಹ್ನವೆಲ್ಲ ಎಸಿ ರೂಮಿನಲ್ಲಿ ಸುಮ್ನೆ ಕೂರಬೇಕಾ?

ಎರಡೂ ಒಟ್ಟಿಗೆ ಬೇಕೆಂದರೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗಿ. ಆಗ ಉಲುರುವಿನಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೂ ಇಳಿಯಬಹುದು. ಸ್ವೆಟರ್, ಟೋಪಿ ಮರೆಯಬೇಡಿ. ಶಾಲೆಗೆ ಹೋಗುವ ಮಕ್ಕಳಿದ್ದವರಿಗೆ ದಸರಾ ರಜೆಯೂ ಪರವಾಗಿಲ್ಲ, ನಡಿಗೆಯನ್ನು ಬೆಳಗ್ಗೆಯೇ ಮುಗಿಸಿಕೊಳ್ಳಿ ಅಷ್ಟೆ. ಡಿಸೆಂಬರ್ ಟಿಕೆಟ್ ಆಗಲೇ ಆಗಿಹೋಗಿದ್ದರೆ ದಕ್ಷಿಣದ ದ್ವೀಪ ಟಾಸ್ಮೇನಿಯಾಕ್ಕೆ ಹೋಗಿ. ಅದಕ್ಕೆ ಅದೇ ಒಳ್ಳೆಯ ಕಾಲ. ಇನ್ನೊಂದು ಮಾತು, ಆಲಿಸ್ ಸ್ಪ್ರಿಂಗ್ಸ್‌ಗೆ ಟಿಕೆಟ್ ಮಾಡಿಸಿ 'ಉಲುರು ಪಕ್ಕದಲ್ಲೇ' ಅಂದುಕೊಳ್ಳಬೇಡಿ. ರಸ್ತೆಯಲ್ಲಿ ಸುಮಾರು 450 ಕಿಲೋಮೀಟರ್. ಬಂಡೆಗೆ ಹತ್ತಿರದ ವಿಮಾನ ನಿಲ್ದಾಣ ಯುಲಾರಾದಲ್ಲಿದೆ, ಹೆಸರು ಏಯರ್ಸ್ ರಾಕ್.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಂಡೆ ಹತ್ತುವ ಹಾಗಿಲ್ಲ. ಅದು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರ ಪವಿತ್ರ ಜಾಗ. ಆ ನೆಲದ ಹಕ್ಕು 1985ರ ಅಕ್ಟೋಬರ್ 26ರಂದು ಅವರಿಗೆ ಮರಳಿತು. 2019ರಲ್ಲಿ ಅದೇ ದಿನಾಂಕದಿಂದ ಹತ್ತುವುದನ್ನು ಪೂರ್ತಿ ನಿಲ್ಲಿಸಿದರು. ಸರಿಯಾಗಿಯೇ ಮಾಡಿದರು. ಆ ಬಂಡೆಯ ಸೊಗಸು ಇರುವುದು ಬುಡದಲ್ಲಿ. ಮುಟಿಜುಲು ಎನ್ನುವ ನೀರಿನ ಹೊಂಡದ ದಾರಿಯಲ್ಲಿ ಹಳೆಯ ಚಿತ್ರಗಳಿರುವ ಗುಹೆ ಇದೆ. ಹೊರಗೆಲ್ಲ ಕೆಂಪು, ಏಕೆಂದರೆ ಕಲ್ಲಿನಲ್ಲಿರುವ ಕಬ್ಬಿಣಕ್ಕೆ ಗಾಳಿ, ನೀರು ತಾಗಿ ತುಕ್ಕು ಹಿಡಿದಿದೆ. ಗುಹೆಗಳ ಒಳಗೆ ನೋಡಿದರೆ ಬಂಡೆಯ ನಿಜವಾದ ಬಣ್ಣ ಕಾಣುತ್ತದೆ, ಬೂದು. ಕೆಲವು ಜಾಗಗಳಲ್ಲಿ ಫೋಟೋ ತೆಗೆಯಬಾರದು ಎಂಬ ಬೋರ್ಡ್ ಇರುತ್ತದೆ. ಅಲ್ಲಿ ದಯವಿಟ್ಟು ಫೋನ್ ಜೇಬಿಗೆ ಹಾಕಿಕೊಳ್ಳಿ.