ಚಕ್ ಪಕ್ಕದ ಒಂದು ಗೇಣು

ಭಾನುವಾರ ಬೆಳಗಿನ ಕಾಫಿ ಆರುವ ಮೊದಲೇ ಮೊಬೈಲಿಗೆ ವಿಡಿಯೊ ಬಂದಿರುತ್ತದೆ. ಹೊಸದಾಗಿ ಹಸಿರು ಬಣ್ಣ ಬಳಿದ, ಲೋಹ ಕಡೆಯುವ ಹಳೆಯ ಲೇತ್, ಕಡೆಯುವ ತುಂಡನ್ನು ಕಚ್ಚಿ ಹಿಡಿದು ತಿರುಗುವ ಚಕ್, ಹಿಂದಿನಿಂದ ಮಾರುವವನ ದನಿ: ‘ಕೇಳಿ ಸಾರ್, ಸದ್ದೇ ಇಲ್ಲ.’ ಅದರ ಕೆಳಗೆ ಒಂದೇ ಸಾಲಿನ ಪ್ರಶ್ನೆ: ‘ಮನೆಯ ವರ್ಕ್‌ಶಾಪಿಗೆ ಕೊಳ್ಳಬಹುದೇ?’

ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿಯ ಶೆಡ್ಡುಗಳಲ್ಲಿ ಲೇತ್ ಬಿಚ್ಚಿ ಕಟ್ಟುತ್ತಲೇ ನನ್ನ ಕೂದಲು ನರೆತಿದೆ. ಆದರೂ ಆ ವಿಡಿಯೊ ನೋಡಿ ನಾನು ಹೇಳಬಲ್ಲದ್ದು ಒಂದೇ: ಮೋಟಾರ್ ತಿರುಗುತ್ತಿದೆ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಕೊಂಬಿಗೆ ಬಳಿದ ಬಣ್ಣ ನೋಡಿ ಯಾರೂ ಎತ್ತು ಕೊಳ್ಳುವುದಿಲ್ಲ, ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಅದೇ ಊರಿನ ಜನ ಅರ್ಧ ಟನ್ನಿನ ಆಸುಪಾಸು ತೂಗುವ ಯಂತ್ರವನ್ನು ಬಣ್ಣ ನೋಡಿ ಮನೆಗೆ ತರುತ್ತಾರೆ. ‘ಹರಿಹರದ ಕಿರ್ಲೋಸ್ಕರ್ ಸಾರ್’ ಎಂದು ಕೆಲವರು ನಾಮಫಲಕದ ಫೋಟೊ ಕಳಿಸುತ್ತಾರೆ. ಒಪ್ಪುತ್ತೇನೆ, 1941ರಲ್ಲಿ ಶುರುವಾದ ಆ ಕಾರ್ಖಾನೆಯ ಎರಕ ಗಟ್ಟಿ. ಎಚ್‌ಎಂಟಿಯದೂ ಗಟ್ಟಿ. ಆದರೆ ಮೂವತ್ತು ವರ್ಷ ಮೂರು ಪಾಳಿಯಲ್ಲಿ ದುಡಿದ ಮೇಲೆ ಸವೆದ ಬೆಡ್, ಅಂದರೆ ಯಂತ್ರದ ಉದ್ದಕ್ಕೂ ಇರುವ ಕಬ್ಬಿಣದ ಹಾಸು, ಹೆಸರಿನಿಂದ ಮತ್ತೆ ಬೆಳೆಯುವುದಿಲ್ಲ.

ಹಲ್ಲು ನೋಡಬೇಕಾದ ಜಾಗ ಚಕ್ಕಿನ ಪಕ್ಕದ ಒಂದು ಗೇಣು. ಬಹುತೇಕ ಜಾಬ್‌ಗಳು, ಅಂದರೆ ಕಡೆಯುವ ತುಂಡುಗಳು, ಗಿಡ್ಡ: ಬುಷ್, ಪಿನ್, ವಾಷರ್. ಆದ್ದರಿಂದ ಟೂಲ್ (ಕಡೆಯುವ ಉಳಿ) ಹೊತ್ತು ಬೆಡ್ಡಿನ ಮೇಲೆ ಜಾರುವ ಸ್ಯಾಡಲ್ ತನ್ನ ಆಯುಷ್ಯವನ್ನೆಲ್ಲ ಅಲ್ಲೇ ಹಿಂದೆ ಮುಂದೆ ಓಡಾಡಿ ಕಳೆದಿರುತ್ತದೆ. ಬೀಡು ಕಬ್ಬಿಣದ ಕರಿ ಧೂಳು ಎಣ್ಣೆಯೊಡನೆ ಕಲೆತು ಮರಳು ಕಾಗದದಂತೆ ಉಜ್ಜುವುದೂ ಅಲ್ಲೇ. ಚಕ್ಕಿಗೆ ಎದುರು ತುದಿಯ, ಟೇಲ್‌ಸ್ಟಾಕ್ ಕಡೆಯ ಬೆಡ್ ಮಾತ್ರ ಹೊಸದರಂತೆ ಇರುತ್ತದೆ. ಹಳೆಯ ಮನೆಯ ಹೊಸ್ತಿಲು ನಡುವೆ ಸವೆದು ಎರಡು ತುದಿಗಳಲ್ಲಿ ಹಾಗೇ ಉಳಿದಿರುವುದನ್ನು ನೋಡಿದ್ದೀರಲ್ಲ, ಹಾಗೆ.

ಪರೀಕ್ಷೆಗೆ ಉಪಕರಣ ಬೇಡ. ಮೋಟಾರ್ ನಿಲ್ಲಿಸಿ. ಬೆಡ್ಡನ್ನು ಬಟ್ಟೆಯಿಂದ ಒರೆಸಿ, ತುಸು ಎಣ್ಣೆ ಹಾಕಿ, ಸ್ಯಾಡಲ್ಲನ್ನು ಚಕ್ ಪಕ್ಕಕ್ಕೆ ತನ್ನಿ. ಸ್ಯಾಡಲ್ ಲಾಕ್ ಬೋಲ್ಟನ್ನು ಕೈಚಕ್ರ ಸ್ವಲ್ಪ ಬಿಗಿ ಎನಿಸುವಷ್ಟು ಮಾತ್ರ ತಿರುಗಿಸಿ. ಈಗ ಕೈಚಕ್ರ ತಿರುಗಿಸುತ್ತ ಟೇಲ್‌ಸ್ಟಾಕ್ ಕಡೆಗೆ ಹೋಗಿ. ಲಾಕ್ ಬೆಡ್ಡಿನ ತಳವನ್ನು ಹಿಡಿಯುತ್ತದೆ, ತಳ ಅಷ್ಟಾಗಿ ಸವೆಯುವುದಿಲ್ಲ. ಮೇಲ್ಭಾಗ ಚಕ್ ಬಳಿ ಸವೆದಿದ್ದರೆ ದೂರ ಹೋದಂತೆ ಬೆಡ್ ದಪ್ಪವಾಗುತ್ತದೆ, ಸ್ಯಾಡಲ್ ಬಿಗಿಯುತ್ತದೆ. ಕೆಲವು ಯಂತ್ರಗಳಲ್ಲಿ ಎರಡನೆಯ ಗೇಣಿಗೇ ಕಚ್ಚಿಕೊಂಡು ನಿಂತುಬಿಡುತ್ತದೆ. ಅಗ್ಗದ ಲೇತ್‌ಗಳಲ್ಲಿ ತಳವನ್ನೇ ನೆಟ್ಟಗೆ ಮಾಡಿರುವುದಿಲ್ಲ, ಆದ್ದರಿಂದ ಇದೊಂದೇ ಕೊನೆಯ ತೀರ್ಪಲ್ಲ. ಚಕ್ ತಿರುಗಿಸುವ ಹೆಡ್‌ಸ್ಟಾಕ್ ಅಡಿಯಲ್ಲಿ, ಸ್ಯಾಡಲ್ ತಲುಪದ ಅಂಚಿನಲ್ಲಿ, ಉಗುರು ಆಡಿಸಿಯೂ ನೋಡಿ. ಮೆಟ್ಟಿಲು ತಾಕಿತೇ? ಹಾಗಾದರೆ ಬೆಡ್ ಅಷ್ಟು ಸವೆದಿದೆ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ‘ಟೂಲ್ ಕೂದಲೆಳೆಯಷ್ಟು ಕೆಳಗಿಳಿದರೆ ಏನಾಯಿತು?’ ಏನೂ ಆಗುವುದಿಲ್ಲ. 40 ಮಿಲಿಮೀಟರ್ ವ್ಯಾಸದ ಸರಳಿನಲ್ಲಿ ಟೂಲ್ ನೇರ ಕೆಳಕ್ಕೆ 0.1 ಮಿಲಿಮೀಟರ್ ಇಳಿದರೆ ವ್ಯಾಸದಲ್ಲಿ ಆಗುವ ವ್ಯತ್ಯಾಸ ಅರ್ಧ ಮೈಕ್ರಾನ್, ನಿಮ್ಮ ಮೈಕ್ರೋಮೀಟರಿಗೂ ಕಾಣದು. ತೊಂದರೆ ಇರುವುದು ಅಡ್ಡಕ್ಕೆ ಸರಿಯುವುದರಲ್ಲಿ. ಸ್ಯಾಡಲ್ ಜಾರುವ ಮುಂದಿನ ‘ವಿ’ ಆಕಾರದ ದಾರಿ ಹೆಚ್ಚು ಸವೆದಾಗ ಸ್ಯಾಡಲ್ ನಮ್ಮ ಕಡೆಗೆ ವಾಲುತ್ತದೆ, ಟೂಲ್ ಜಾಬಿನಿಂದ ಹಿಂದೆ ಸರಿಯುತ್ತದೆ. ಅದೇ 0.1 ಅಡ್ಡಕ್ಕೆ ಸರಿದರೆ ವ್ಯಾಸದಲ್ಲಿ 0.2. ಆ ಸರಳಿನ ಮೇಲೆ ಬೇರಿಂಗ್ ಕೂರುವುದಿಲ್ಲ. ಇದನ್ನು ಎಷ್ಟು ಸಲ ಕಾಗದದ ಮೇಲೆ ಬರೆದು ತೋರಿಸಿದ್ದೇನೋ ಲೆಕ್ಕವಿಲ್ಲ. ಮಾರನೆಯ ದಿನ ಅವರೇ ಫೋನ್ ಮಾಡಿ, ‘ಕ್ರಾಸ್ ಸ್ಲೈಡ್ ಹಿಡಿ ಕಾಲು ಸುತ್ತು ಸಡಿಲವಿದೆ, ಬೇಡವೆಂದು ಬಿಟ್ಟೆ’ ಎನ್ನುತ್ತಾರೆ. ಅಯ್ಯಾ, ಟೂಲನ್ನು ಅಡ್ಡಕ್ಕೆ ಸರಿಸುವ ಆ ಸ್ಲೈಡಿನಲ್ಲಿ ಸವೆದದ್ದು ಹಿತ್ತಾಳೆಯ ನಟ್ಟು, ಹೊಸದು ಮಾಡಿಸಿ ಹಾಕಬಹುದು. ಬೆಡ್ಡನ್ನು ಗ್ರೈಂಡ್ ಮಾಡಿಸಲು ಹೊರಟರೆ ಖರ್ಚು ಲೇತ್ ಕೊಂಡ ಬೆಲೆಯನ್ನೂ ಮೀರಬಹುದು.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಶಿರಾ ಗೇಟ್ ಕಡೆಯ ನಿವೃತ್ತ ಗಣಿತ ಮೇಷ್ಟರೊಬ್ಬರು ಹಳೆಯ ಲೇತ್ ತಂದು ಕಾರ್ ಶೆಡ್ಡಿನಲ್ಲಿ ನಿಲ್ಲಿಸಿಕೊಂಡಿದ್ದರು. ಆಟದ ಉಗಿ ಎಂಜಿನ್ ಮಾಡುವ ಹುಚ್ಚು. 150 ಮಿಲಿಮೀಟರ್ ಉದ್ದದಲ್ಲಿ 0.14 ಮಿಲಿಮೀಟರ್ ಟೇಪರ್ (ಒಂದು ತುದಿಗಿಂತ ಇನ್ನೊಂದು ತುದಿ ದಪ್ಪ) ಬರುತ್ತಿದೆ ಎಂದು ಫೋನಿನಲ್ಲಿ ಹೇಳಿದರು. ಬೆಡ್ ಹೋಗಿದೆ, ಮಾರಿಬಿಡಿ ಎಂದುಬಿಟ್ಟೆ. ಅವರು ಒಪ್ಪಲಿಲ್ಲ. ಹೋಗಿ ನೋಡಿದರೆ ಹಿಂಬದಿಯ ಒಂದು ಕಾಲಿನ ಕೆಳಗೆ ಮಡಚಿದ ಎಣ್ಣೆ ಡಬ್ಬಿಯ ತಗಡು! ಬೋಲ್ಟ್ ಬಿಗಿದಾಗ ಇಡೀ ಬೆಡ್ ತಿರುಚಿಕೊಂಡಿತ್ತು. ಮೀಟರಿಗೆ 0.02 ಮಿಲಿಮೀಟರ್ ಏರಿಳಿತವನ್ನೂ ತೋರಿಸುವ ಮಟ್ಟಗೋಲನ್ನು ಬೆಡ್ಡಿನ ಎರಡೂ ತುದಿಗಳಲ್ಲಿ ಅಡ್ಡಲಾಗಿಟ್ಟು, ಗುಳ್ಳೆ ಎರಡೂ ಕಡೆ ಒಂದೇ ಗೆರೆಗೆ ಬರುವವರೆಗೆ ಕಾಲುಗಳಡಿ ಶಿಮ್ (ತೆಳು ತಗಡು) ಕೊಟ್ಟೆವು. ಎರಡು ದಿನ ಬಿಟ್ಟು ಮತ್ತೆ ಸರಿಮಾಡಿದಾಗ ಟೇಪರ್ 0.03ಕ್ಕೆ ಇಳಿಯಿತು. ಮೇಷ್ಟರು ಅದನ್ನು ದುಂಡು ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಬರೆದುಕೊಂಡು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಅಂದಿನಿಂದ ಮಟ್ಟ ನೋಡದ ಲೇತ್ ಬಗ್ಗೆ ಫೋನಿನಲ್ಲಿ ತೀರ್ಪು ಕೊಡುವುದನ್ನು ನಿಲ್ಲಿಸಿದ್ದೇನೆ.

ಉಳಿದದ್ದು ಸಣ್ಣಪುಟ್ಟದು. ಮೋಟಾರ್ ಮೂರು ಫೇಸಿನದಾದರೆ ಮನೆಯ ಒಂದು ಫೇಸಿನಲ್ಲೂ ವಿಎಫ್‌ಡಿ (ಒಂದು ಫೇಸಿನಿಂದ ಮೂರು ಫೇಸ್ ಮಾಡಿಕೊಡುವ ಪೆಟ್ಟಿಗೆ) ಹಾಕಿ ಓಡಿಸಬಹುದು, ಆದರೆ ಮೋಟಾರಿನ ತಂತಿಗಳ ಸ್ಟಾರ್ ಜೋಡಣೆಯನ್ನು ಡೆಲ್ಟಾಕ್ಕೆ ಬದಲಿಸಬೇಕಾಗಬಹುದು, ಅದನ್ನು ಬಲ್ಲವರಿಂದ ಮಾಡಿಸಿ. ಚಕ್ಕಿನ ವೇಗ ಇಳಿಸುವ ಬ್ಯಾಕ್ ಗೇರಿನ ಹಲ್ಲುಗಳನ್ನು ಒಂದೊಂದಾಗಿ ನೋಡಿ. ಥ್ರೆಡ್ (ತಿರುಪಿನ ಎಳೆ) ಕೊರೆಯುವಾಗ ಸ್ಯಾಡಲ್ ಓಡಿಸುವ ಲೀಡ್ ಸ್ಕ್ರೂ ಅಂಗುಲದ ಲೆಕ್ಕದ್ದಾದರೆ 127 ಹಲ್ಲಿನ ಗೇರ್ ಇದೆಯೇ ಎಂದು ಕೇಳಿ, ಐದು ಅಂಗುಲಕ್ಕೆ ಸರಿಯಾಗಿ 127 ಮಿಲಿಮೀಟರ್. ಅದಿಲ್ಲದೆ ಮಿಲಿಮೀಟರ್ ಥ್ರೆಡ್ ಕರಾರುವಾಕ್ಕಾಗಿ ಬರುವುದಿಲ್ಲ.

ಕಳೆದ ತಿಂಗಳು ಕ್ಯಾತ್ಸಂದ್ರದ ಹುಡುಗನೊಬ್ಬ ನಾನು ಹೇಳಿದಂತೆಯೇ ಮಾಡಿ ಫೋನ್ ಮಾಡಿದ. ಸ್ಯಾಡಲ್ ನಡುವೆಯೇ ಕಚ್ಚಿಕೊಂಡಿತಂತೆ. ‘ಎಣ್ಣೆ ಸಾಲದು’ ಎಂದನಂತೆ ಮಾರುವವನು. ಎಣ್ಣೆ ಸುರಿದ ಮೇಲೂ ಅದೇ ಜಾಗದಲ್ಲಿ ಕಚ್ಚಿತು. ಹುಡುಗ ಅದನ್ನೇ ತೋರಿಸಿ ಬೆಲೆ ಇಳಿಸಿ ಕೊಂಡೇಬಿಟ್ಟ. ಅವನಿಗೆ ಬೇಕಾಗಿರುವುದು ನೀರಿನ ಪಂಪಿನ ಬುಷ್, ಎರಡು ಬೆರಳು ಉದ್ದದ್ದು. ಅಷ್ಟಕ್ಕೆ ಆ ಲೇತ್ ಸಾಕೆಂದು ನನಗೂ ಅನಿಸಿತು. ಗೇರ್ ಕೇಳಲು ಮಾತ್ರ ಮರೆತಿದ್ದ. ಈಗ ಊರೆಲ್ಲ ಗುಜರಿ ಅಂಗಡಿಗಳಲ್ಲಿ ಹಲ್ಲು ಎಣಿಸುತ್ತ ತಿರುಗುತ್ತಿದ್ದಾನೆ.