ದೇಹ ಲೀನಿಯರ್ ಅಲ್ಲ, ಒಪ್ಪಿದೆ. ಆದರೂ ಲೀನಿಯರ್ ಸಿಸ್ಟಮ್ಸ್ ಯಾಕೆ?

ಓದುಗರ ಪ್ರಶ್ನೆ: "ಮೇಡಂ, ನಾನು ಬಯೋಮೆಡಿಕಲ್ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ಆಸ್ಪತ್ರೆಯ ಯಂತ್ರಗಳನ್ನು ಕಲಿಯೋಣ ಅಂತ ಸೇರಿದರೆ ಲೀನಿಯರ್ ಸಿಸ್ಟಮ್ಸ್ ಅನ್ನೋ ಕೋರ್ಸ್ ತಲೆ ಮೇಲೆ ಬಂದು ಕೂತಿದೆ. ಬರೀ ಕನ್ವಲ್ಯೂಷನ್, ಲ್ಯಾಪ್ಲಾಸ್ ಅನ್ನೋ ಗಣಿತ. ಮನುಷ್ಯನ ದೇಹ ಲೀನಿಯರ್ ಅಲ್ಲವೇ ಅಲ್ಲ, ಇದೆಲ್ಲ ದಂಡ ಅಂತ ಸೀನಿಯರ್‌ಗಳು ಹೇಳ್ತಾರೆ. ಪಾಸಾಗುವಷ್ಟು ಓದಿ ಬಿಟ್ಟರೆ ಸಾಕಾ?"

ಸಾಕಾಗಲ್ಲ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತಾರಲ್ಲ, ಹಾಗಾಗಿದೆ ನನ್ನ ಪಾಡು. ಸೆಮಿಸ್ಟರ್ ಶುರುವಾದ ಎರಡನೇ ವಾರಕ್ಕೆ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ. ಆ ಕೈ ಏನು ಕೇಳುತ್ತದೆ ಅಂತ ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಿರುತ್ತದೆ. ಅದಕ್ಕೇ ಈ ಸಲ ಬರೆದೇ ಬಿಡುತ್ತೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕೈಗೆ ಕೊಟ್ಟು ಸುಮ್ಮನಾಗಬಹುದು.

ಮೊದಲು ಒಂದು ಸಣ್ಣ ಗೊಂದಲ ಮುಗಿಸೋಣ. ಲೀನಿಯರ್ ಅಂದ ತಕ್ಷಣ ಎಲ್ಲರ ತಲೆಗೂ ಸರಳರೇಖೆ ಬರುತ್ತದೆ. ಎಡವಟ್ಟು ಅಲ್ಲೇ ಶುರು. ಸಿಸ್ಟಮ್ ಅಂದರೆ ಒಳಗೆ ಏನಾದರೂ ಕೊಟ್ಟರೆ (ಇನ್‌ಪುಟ್) ಹೊರಗೆ ಏನಾದರೂ ಕೊಡುವಂಥದ್ದು (ಔಟ್‌ಪುಟ್). ಅದು ಲೀನಿಯರ್ ಹೌದೋ ಅಲ್ಲವೋ ಅಂತ ನೋಡಲು ಇರೋದು ಎರಡೇ ಪರೀಕ್ಷೆ. ಇನ್‌ಪುಟ್ ಎರಡರಷ್ಟು ಮಾಡಿದರೆ ಔಟ್‌ಪುಟ್ ಸರಿಯಾಗಿ ಎರಡರಷ್ಟಾಗಬೇಕು. ಎರಡು ಇನ್‌ಪುಟ್ ಕೂಡಿಸಿ ಕೊಟ್ಟರೆ, ಅವನ್ನು ಬೇರೆ ಬೇರೆ ಕೊಟ್ಟಾಗ ಬಂದ ಔಟ್‌ಪುಟ್‌ಗಳ ಮೊತ್ತವೇ ಬರಬೇಕು. ಅಷ್ಟೇ. ಗಂಟೆಯನ್ನು ಮೆಲ್ಲಗೆ ತಟ್ಟಿದರೆ ಮೆಲ್ಲಗೆ ಕಂಪಿಸುತ್ತದೆ. ಎರಡರಷ್ಟು ಜೋರಾಗಿ ತಟ್ಟಿದರೆ ಎರಡರಷ್ಟು ಕಂಪಿಸುತ್ತದೆ. ಆ ಕಂಪನವನ್ನು ಗ್ರಾಫಿನಲ್ಲಿ ಬಿಡಿಸಿದರೆ ಹಾವು ಹರಿದ ಹಾಗೆ ಕಾಣುತ್ತದೆ. ಆದರೂ ಗಂಟೆ ಲೀನಿಯರ್.

ಈಗ "ಇನ್‌ಪುಟ್‌ಗೆ 300 ಕೂಡಿಸು" ಅನ್ನುವ ಸಿಸ್ಟಮ್ ನೋಡಿ. ಗ್ರಾಫ್ ಗೆರೆ ಎಳೆದ ಹಾಗೆ ನೆಟ್ಟಗಿರುತ್ತದೆ. ಆದರೆ 1 ಕೊಟ್ಟರೆ 301, 2 ಕೊಟ್ಟರೆ 302. ಎರಡರಷ್ಟು ಆಯಿತಾ? ಇಲ್ಲ. ಹಾಗಾಗಿ ಅದು ಲೀನಿಯರ್ ಅಲ್ಲ. ಈ 300 ನಾನು ಸುಮ್ನೆ ಹೇಳಿದ್ದಲ್ಲ. ಇಸಿಜಿ ತೆಗೆಯುವಾಗ ಎಲೆಕ್ಟ್ರೋಡ್ ಮತ್ತು ಚರ್ಮ ಸೇರುವ ಜಾಗದಲ್ಲಿ ತಾನಾಗಿಯೇ ಹುಟ್ಟುವ ಡಿಸಿ (ಏರಿಳಿಯದೆ ಒಂದೇ ಮಟ್ಟದಲ್ಲಿ ನಿಲ್ಲುವ) ವೋಲ್ಟೇಜ್ 300 ಮಿಲಿವೋಲ್ಟ್ ತನಕ ಹೋಗಬಹುದು. ಯಂತ್ರಗಳನ್ನು ಅದನ್ನು ತಡೆದುಕೊಳ್ಳುವ ಹಾಗೆಯೇ ಕಟ್ಟುತ್ತಾರೆ. ಹೃದಯದ ಸಿಗ್ನಲ್ ಚರ್ಮದ ಮೇಲೆ ಸಿಗೋದು 1 ಮಿಲಿವೋಲ್ಟ್ ಆಸುಪಾಸು. ನಮಗೆ ಬೇಕಾದದ್ದು ಆ ಒಂದು, ಬರೋದು ಮುನ್ನೂರ ಒಂದು. ಮುನ್ನೂರನ್ನು ಕಳೆದು ಒಂದನ್ನು ಉಳಿಸಿಕೊಳ್ಳುವ ಫಿಲ್ಟರ್ ನಿಮ್ಮ ಕೋರ್ಸಿನಲ್ಲೇ ಇದೆ.

ಈಗ ದೊಡ್ಡ ಸುಳ್ಳಿಗೆ ಬರೋಣ. "ದೇಹ ಲೀನಿಯರ್ ಅಲ್ಲ, ಆದ್ದರಿಂದ ಈ ಕೋರ್ಸ್ ದಂಡ."

ಮೊದಲರ್ಧ ನಿಜ. ನರಕೋಶಕ್ಕೆ ಸ್ವಲ್ಪ ಪ್ರಚೋದನೆ ಕೊಟ್ಟರೆ ಏನೂ ಆಗಲ್ಲ, ಇನ್ನು ಸ್ವಲ್ಪ ಜಾಸ್ತಿ ಕೊಟ್ಟರೆ ಪೂರ್ತಿ ಸಿಡಿಯುತ್ತದೆ. ಎರಡರಷ್ಟು ಕೊಟ್ಟರೆ ಎರಡರಷ್ಟು ಅನ್ನೋ ಮಾತೇ ಅಲ್ಲಿಲ್ಲ. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಅನ್ನೋ ವಿಜ್ಞಾನಿಗಳು 1952ರಲ್ಲಿ ಇದರ ಸಮೀಕರಣಗಳನ್ನೇ ಬರೆದುಕೊಟ್ಟರು, 1963ರಲ್ಲಿ ನೊಬೆಲ್ ಪಡೆದರು. ಅದರಲ್ಲಿ ನನ್ನದೇನೂ ತಕರಾರಿಲ್ಲ. ತಕರಾರು ಇರೋದು ಆ "ಆದ್ದರಿಂದ" ಅನ್ನೋ ಪದದ ಮೇಲೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಯೋಚಿಸದೆ ಹೇಳುತ್ತಾ ಬಂದಿದ್ದಾರೆ. ನೀವು ದೇಹವನ್ನು ನೇರವಾಗಿ ನೋಡಲ್ಲ. ನೀವು ನೋಡೋದು ಪರದೆಯನ್ನು. ದೇಹಕ್ಕೂ ಪರದೆಗೂ ನಡುವೆ ಒಂದು ಯಂತ್ರ ಇದೆ, ಆ ಯಂತ್ರ ಏನು ಮಾಡುತ್ತಿದೆ ಅಂತ ಗೊತ್ತಿರಬೇಕಲ್ಲ?

ನಾನು ವಿದ್ಯಾರ್ಥಿಯಾಗಿದ್ದಾಗ ಮೊದಲ ಸಲ ಐಸಿಯುಗೆ ಹೋದ ದಿನ ಹೇಳುತ್ತೇನೆ. ರೋಗಿಯ ಮಣಿಕಟ್ಟಿನ ಅಪಧಮನಿಯೊಳಗೆ ಸಣ್ಣ ಕೊಳವೆ ಇತ್ತು. ಅದಕ್ಕೆ ಸಲೈನ್ ತುಂಬಿದ ಉದ್ದ ಟ್ಯೂಬ್, ಟ್ಯೂಬಿನ ತುದಿಗೆ ಪ್ರೆಷರ್ ಅಳೆಯುವ ಟ್ರಾನ್ಸ್‌ಡ್ಯೂಸರ್. ಮೇಲೆ 300 ಮಿಲಿಮೀಟರ್ ಪಾದರಸದ ಒತ್ತಡಕ್ಕೆ ಗಾಳಿ ತುಂಬಿದ ಚೀಲದೊಳಗೆ ಸಲೈನ್ ಬ್ಯಾಗ್. ಪರದೆಯಲ್ಲಿ ಬಿಪಿ ಅಲೆ ಒಂದೊಂದಾಗಿ ಓಡುತ್ತಿತ್ತು. ನರ್ಸ್ ಬಂದರು, ಟ್ರಾನ್ಸ್‌ಡ್ಯೂಸರ್ ಪಕ್ಕದ ಫ್ಲಶ್ ವಾಲ್ವನ್ನು ಒಂದು ಕ್ಷಣ ಎಳೆದು ಟಪ್ ಅಂತ ಬಿಟ್ಟರು. ಅಲೆ ಸರ್ರನೆ ಮೇಲೆ ಹೋಗಿ ಚಪ್ಪಟೆಯಾಯಿತು. ಬಿಟ್ಟ ತಕ್ಷಣ ಕೆಳಗೆ ಬಿತ್ತು, ಬಿದ್ದು ನಾಲ್ಕೈದು ಸಲ ಕುಣಿಯಿತು, ಆಮೇಲೆ ಮಾಮೂಲಿ ನಾಡಿ ಶುರುವಾಯಿತು. ನರ್ಸ್ ಮುಖ ಸಿಂಡರಿಸಿ "ಕುಣಿತ ಜಾಸ್ತಿ, ಮೇಲಿನ ನಂಬರ್ ನಂಬೋ ಹಾಗಿಲ್ಲ" ಅಂದರು.

ನಾನು ಬೆಪ್ಪಾಗಿ ನಿಂತಿದ್ದೆ. ಹಿಂದಿನ ವಾರವಷ್ಟೇ ಸೆಕೆಂಡ್ ಆರ್ಡರ್ ಸಿಸ್ಟಮ್ಮಿನ ಸ್ಟೆಪ್ ರೆಸ್ಪಾನ್ಸ್, ಅಂದರೆ ಸ್ಪ್ರಿಂಗ್ ಥರದ ಸಿಸ್ಟಮ್ಮಿಗೆ ಇನ್‌ಪುಟ್ ತಟ್ಟನೆ ಬದಲಾದರೆ ಔಟ್‌ಪುಟ್ ಹೇಗೆ ಕುಣಿದು ನಿಲ್ಲುತ್ತದೆ ಅನ್ನೋದನ್ನು, ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದೆ. ಅದೇ ಚಿತ್ರ ನನ್ನ ಕಣ್ಣೆದುರು ಪರದೆ ಮೇಲೆ ಓಡಿಹೋಗಿತ್ತು, ನನಗೆ ಗುರುತೇ ಸಿಕ್ಕಿರಲಿಲ್ಲ!

ಸಲೈನಿನ ತೂಕ ಮತ್ತು ಟ್ಯೂಬಿನ ಗೋಡೆಯ ಬಳುಕು ಸೇರಿದರೆ ಸ್ಪ್ರಿಂಗಿಗೆ ಭಾರ ಕಟ್ಟಿದ ಹಾಗೆ. ಅದಕ್ಕೆ ತನ್ನದೇ ಆದ ಒಂದು ನ್ಯಾಚುರಲ್ ಫ್ರೀಕ್ವೆನ್ಸಿ (ತಾನಾಗಿಯೇ ಕುಣಿಯುವ ವೇಗ) ಇರುತ್ತದೆ, ಒಂದಷ್ಟು ಡ್ಯಾಂಪಿಂಗ್ (ಕುಣಿತವನ್ನು ಅಡಗಿಸುವ ಗುಣ) ಇರುತ್ತದೆ. ಡ್ಯಾಂಪಿಂಗ್ ಕಮ್ಮಿಯಾದರೆ ನಾಡಿಯ ಚೂಪು ತುದಿ ಇನ್ನೂ ಮೇಲಕ್ಕೆ ಚಿಮ್ಮುತ್ತದೆ. ನಿಜವಾದ ಸಿಸ್ಟಾಲಿಕ್ (ಬಿಪಿಯ ಮೇಲಿನ ನಂಬರ್) 130 ಇದ್ದರೂ ಪರದೆ 150 ಅನ್ನಬಹುದು. ಕೆಳಗಿನ ಡಯಾಸ್ಟಾಲಿಕ್ ಇರಬೇಕಾದ್ದಕ್ಕಿಂತ ಕೆಳಗೆ ಕಾಣುತ್ತದೆ. ಟ್ಯೂಬಿನಲ್ಲಿ ದೊಡ್ಡ ಗಾಳಿಗುಳ್ಳೆ ಸೇರಿದರೆ, ಕೊಳವೆಯ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಇದರ ಉಲ್ಟಾ. ಅಲೆ ಮಂಕಾಗಿ ಚಪ್ಪಟೆಯಾಗುತ್ತದೆ, ಸಿಸ್ಟಾಲಿಕ್ ಕಮ್ಮಿ ಓದುತ್ತದೆ. ಎರಡೂ ಸಂದರ್ಭದಲ್ಲಿ ಸರಾಸರಿ ಒತ್ತಡ ಮಾತ್ರ ಹೆಚ್ಚೂಕಮ್ಮಿ ಸರಿಯಾಗೇ ಇರುತ್ತದೆ. ಯಾಕೆ? ಸೊನ್ನೆ ಫ್ರೀಕ್ವೆನ್ಸಿಯಲ್ಲಿ ಆ ಸಿಸ್ಟಮ್ಮಿನ ಗೇನ್ 1, ಅಂದರೆ ಏರಿಳಿಯದ ಭಾಗ ಎಷ್ಟು ಒಳಗೆ ಹೋಯಿತೋ ಅಷ್ಟೇ ಹೊರಗೆ ಬರುತ್ತದೆ. ಈ ಒಂದು ವಾಕ್ಯ ಅರ್ಥವಾದವರು ಸಂಶಯ ಬಂದಾಗ ಸರಾಸರಿಯನ್ನು ನೋಡುತ್ತಾರೆ, ಟ್ಯೂಬ್ ಸರಿಮಾಡುತ್ತಾರೆ. ಅರ್ಥವಾಗದವರು ಇಲ್ಲದ ಬಿಪಿಯನ್ನು ಇಳಿಸಲು ಹೊರಡುತ್ತಾರೆ.

ಇಲ್ಲಿ ರೋಗಿಯ ಹೃದಯ ಲೀನಿಯರ್ ಹೌದೋ ಅಲ್ಲವೋ ಅನ್ನೋ ಪ್ರಶ್ನೆ ಎಲ್ಲಾದರೂ ಬಂತಾ?

"ಅದು ಪ್ಲಾಸ್ಟಿಕ್ ಟ್ಯೂಬ್, ದೇಹದ ಮಾತು ಹೇಳಿ" ಅನ್ನುವವರು ಇದ್ದಾರೆ. ಸರಿ, ಹೇಳುತ್ತೇನೆ. ಹೃದಯದ ಕೋಶಗಳು ಲೀನಿಯರ್ ಅಲ್ಲ. ಆದರೆ ಅವು ಹುಟ್ಟಿಸಿದ ಕರೆಂಟು ಮಾಂಸ, ಕೊಬ್ಬು, ಚರ್ಮ ದಾಟಿ ಹೊರಗೆ ಬರುವ ದಾರಿ ಲೀನಿಯರ್ ಆಗಿಯೇ ನಡೆದುಕೊಳ್ಳುತ್ತದೆ. ಗರ್ಭಿಣಿಯ ಹೊಟ್ಟೆ ಮೇಲೆ ಎಲೆಕ್ಟ್ರೋಡ್ ಇಟ್ಟರೆ ತಾಯಿಯ ಹೃದಯದ ಅಲೆ, ಮಗುವಿನ ಹೃದಯದ ಪುಟ್ಟ ಅಲೆ ಎರಡೂ ಕೂಡಿಕೊಂಡು ಬರುತ್ತವೆ. ಬರೀ ಕೂಡಿಕೊಂಡು, ಒಂದನ್ನೊಂದು ಕಲಸದೆ. ಅದಕ್ಕೇ ತಾಯಿಯ ಎದೆಯಿಂದ ಬೇರೆಯಾಗಿ ಸಿಗ್ನಲ್ ತೆಗೆದುಕೊಂಡು, ಹೊಟ್ಟೆಯ ಸಿಗ್ನಲ್ಲಿಗೆ ಹೊಂದುವ ಹಾಗೆ ಫಿಲ್ಟರ್ ಮಾಡಿ ಕಳೆದರೆ ಮಗುವಿನದು ಉಳಿಯುತ್ತದೆ. ಕೂಡಿದ್ದನ್ನು ಕಳೆಯಲು ಬರುತ್ತದೆ. ಕಲಸಿದ್ದನ್ನು ಬಿಡಿಸೋದು ಅಷ್ಟು ಸುಲಭ ಅಲ್ಲ.

ಲೀನಿಯರ್ ಅಲ್ಲದ್ದನ್ನು ಲೀನಿಯರ್ ಮಾಡಿಕೊಳ್ಳುವ ಜಾಣತನವೂ ಇದೆ. ಸಿಟಿ ಸ್ಕ್ಯಾನ್ ಅದಕ್ಕೆ ನನ್ನ ಮೆಚ್ಚಿನ ಉದಾಹರಣೆ. ಎಕ್ಸ್-ರೇ ದೇಹದೊಳಗೆ ಹೋಗುತ್ತಾ ಅರ್ಧವಾಗುತ್ತದೆ, ಅಷ್ಟೇ ದೂರ ಹೋದರೆ ಮತ್ತೆ ಅದರ ಅರ್ಧ. ಇದು ಗುಣಾಕಾರದ ಲೆಕ್ಕ, ಸಂಕಲನದ್ದಲ್ಲ. ಆದರೆ ಲಾಗರಿದಮ್ ತೆಗೆದ ತಕ್ಷಣ ಗುಣಾಕಾರ ಸಂಕಲನವಾಗುತ್ತದೆ. ಪ್ರತಿ ಕಿರಣವೂ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಕೂಡಿಸಿ ಒಂದು ಮೊತ್ತ ತಂದುಕೊಡುತ್ತದೆ. ಹೌನ್ಸ್‌ಫೀಲ್ಡ್ (ಸಿಟಿ ಸ್ಕ್ಯಾನರ್ ಕಟ್ಟಿದ ಇಂಜಿನಿಯರ್) ಅವರ ಯಂತ್ರ 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿದಾಗ ನಡೆದದ್ದೂ ಇದೇ. 180 ಕೋನ, ಪ್ರತಿ ಕೋನದಲ್ಲಿ 160 ಅಳತೆ, ಒಟ್ಟು 28,800 ಮೊತ್ತ. ಅದರಿಂದ 80ಕ್ಕೆ 80 ಚೌಕದ ಚಿತ್ರ, ಅಂದರೆ 6,400 ಉತ್ತರ. ಮೊತ್ತಗಳಿಂದ ಬಿಡಿ ಸಂಖ್ಯೆಗಳನ್ನು ಹುಡುಕೋದು ಲೀನಿಯರ್ ಲೆಕ್ಕ ಅಲ್ಲದೆ ಇನ್ನೇನು?

ರೋಗಿಯ ಬಾಯಲ್ಲಿ ಲೋಹದ ಹಲ್ಲಿದ್ದರೆ ಅದೇ ಚಿತ್ರದಲ್ಲಿ ಗೀರು ಗೀರು ಬರುತ್ತದೆ. ಎಕ್ಸ್-ರೇಯಲ್ಲಿ ಬೇರೆ ಬೇರೆ ಶಕ್ತಿಯ ಕಿರಣಗಳಿರುತ್ತವೆ, ಲೋಹ ಕಡಿಮೆ ಶಕ್ತಿಯವನ್ನು ಮೊದಲೇ ನುಂಗಿಬಿಡುತ್ತದೆ. ಆಗ ಲಾಗರಿದಮ್ ತೆಗೆದರೂ ಮೊತ್ತ ಸರಿಹೊಂದಲ್ಲ. ಲೀನಿಯರ್ ಅನ್ನೋದು ಎಲ್ಲಿ ಮುರಿಯುತ್ತದೆ ಅಂತ ಗೊತ್ತಿದ್ದವರಿಗೆ ಅದು ರೋಗ ಅಲ್ಲ, ಗೀರು ಅಂತ ಗೊತ್ತಾಗುತ್ತದೆ. ಔಷಧಿಯಲ್ಲೂ ಹೀಗೇ. ಬಹಳಷ್ಟು ಔಷಧಿಗಳಲ್ಲಿ ಡೋಸ್ ಎರಡರಷ್ಟು ಮಾಡಿದರೆ ರಕ್ತದಲ್ಲಿ ಅದರ ಮಟ್ಟವೂ ಎರಡರಷ್ಟಾಗುತ್ತದೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಹಾಗಲ್ಲ. ಅದನ್ನು ಒಡೆಯುವ ಲಿವರಿನ ಕಿಣ್ವಕ್ಕೆ ಇಷ್ಟೇ ಅಂತ ಒಂದು ಮಿತಿ ಇದೆ. ಅದರ ಹತ್ತಿರ ಹೋದಾಗ ಡೋಸ್ ಸ್ವಲ್ಪ ಏರಿಸಿದರೂ ಮಟ್ಟ ಧಿಡೀರನೆ ಏರುತ್ತದೆ. ಅದನ್ನು ಅಪಾಯ ಅಂತ ಗುರುತಿಸೋದು ಹೇಗೆ? ಮಾಮೂಲಿ ಹೇಗಿರುತ್ತದೆ ಅಂತ ಗೊತ್ತಿದ್ದರೆ ತಾನೆ?

ಇನ್ನು ಯಾರೂ ಕೇಳದ ಒಂದು ಪ್ರಶ್ನೆ. ಕೇಳಬೇಕಿತ್ತು, ಕೇಳಲ್ಲ. ಫಿಲ್ಟರ್ ಲೀನಿಯರ್ ಆಗಿದ್ದರೆ ಸಿಗ್ನಲ್ ಕೆಡಲ್ಲ ತಾನೆ?

ಕೆಡುತ್ತದೆ. ಚೆನ್ನಾಗೇ ಕೆಡುತ್ತದೆ. ರೋಗಿ ಉಸಿರಾಡಿದಾಗಲೆಲ್ಲ ಇಸಿಜಿಯ ಬೇಸ್‌ಲೈನ್ ಮೇಲೆ ಕೆಳಗೆ ತೂಗುತ್ತದೆ. ನೋಡಲು ಕಿರಿಕಿರಿ. ಅದಕ್ಕೆ ಹಾಸಿಗೆ ಪಕ್ಕದ ಮಾನಿಟರ್ ಸಾಮಾನ್ಯವಾಗಿ 0.5 ಹರ್ಟ್ಸ್‌ಗಿಂತ ಕೆಳಗಿನದನ್ನು, ಅಂದರೆ ಎರಡು ಸೆಕೆಂಡಿಗೆ ಒಂದು ಸಲಕ್ಕಿಂತ ನಿಧಾನವಾಗಿ ತೂಗುವುದನ್ನು, ಕತ್ತರಿಸಿ ಹಾಕುತ್ತದೆ. ಗೆರೆ ನೆಟ್ಟಗಾಗುತ್ತದೆ. ಆದರೆ ಸಾದಾ ಫಿಲ್ಟರ್ ಒಂದೊಂದು ಫ್ರೀಕ್ವೆನ್ಸಿಯನ್ನು ಒಂದೊಂದು ಪ್ರಮಾಣದಲ್ಲಿ ಹಿಂದೆ ಮುಂದೆ ಸರಿಸುತ್ತದೆ. ಅದರಿಂದ ಎಸ್‌ಟಿ ಭಾಗ (ಇಸಿಜಿಯ ಪ್ರತಿ ಬಡಿತದಲ್ಲಿ ಚೂಪು ತುದಿಯ ನಂತರ ಬರುವ ತುಂಡು) ಇರುವ ಜಾಗಕ್ಕಿಂತ ಮೇಲೋ ಕೆಳಗೋ ಕಾಣಬಹುದು. ಹೃದಯಾಘಾತದ ಸುಳಿವು ಹುಡುಕೋದು ಆ ಭಾಗದಲ್ಲೇ. ರೋಗ ಪತ್ತೆಗೆ ತೆಗೆಯುವ ಇಸಿಜಿಯಲ್ಲಿ ಕೆಳಗಿನ ಮಿತಿಯನ್ನು 0.05 ಹರ್ಟ್ಸ್‌ಗೆ ಇಳಿಸೋದು ಇದಕ್ಕೇ. ಗೆರೆ ತೂಗಾಡಿದರೆ ತೂಗಾಡಲಿ ಅಂತ. ನನ್ನ ಲ್ಯಾಬಿನಲ್ಲಿ ಚೆಂದದ ಗೆರೆ ತಂದು ತೋರಿಸಿದವರಿಗೆ ನಾನು ಮೊದಲು ಕೇಳೋದು "ಏನೇನು ಕತ್ತರಿಸಿದೆ?" ಅಂತ. ಅರ್ಧ ಜನಕ್ಕೆ ಉತ್ತರ ಗೊತ್ತಿರಲ್ಲ.

ಕತ್ತರಿಸೋ ಮಾತು ಬಂದಾಗ ಟಕುವೊ ಅವೊಯಾಗಿ ನೆನಪಾಗುತ್ತಾರೆ. ಜಪಾನಿನ ನಿಹೋನ್ ಕೊಹ್ಡೆನ್ ಕಂಪನಿಯ ಇಂಜಿನಿಯರ್. ಅವರಿಗೆ ಬೇಕಿದ್ದದ್ದು ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತದೆ ಅನ್ನೋ ಅಳತೆ. ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಮೂಲಕ ಬೆಳಕು ಹಾಯಿಸಿ, ಬಣ್ಣ ಹೇಗೆ ತೆಳುವಾಗುತ್ತದೆ ಅಂತ ನೋಡುತ್ತಿದ್ದರು. ಆ ಗೆರೆಯ ಮೇಲೆ ನಾಡಿ ಬಡಿತ ಸವಾರಿ ಮಾಡುತ್ತಿತ್ತು. ಅದನ್ನು ತೊಲಗಿಸಲು ಇನ್ನೊಂದು ಬಣ್ಣದ ಬೆಳಕನ್ನೂ ಹಾಯಿಸಿದರು. ಎರಡು ಸಿಗ್ನಲ್‌ಗಳನ್ನು ಸರಿತೂಗಿಸಿ ಕಳೆದರೆ ನಾಡಿ ಮಾಯ. ಆದರೆ ರಕ್ತದ ಆಮ್ಲಜನಕ ಇಳಿದಾಗಲೆಲ್ಲ ಆ ತೂಕ ತಪ್ಪಿ ನಾಡಿ ಮತ್ತೆ ತಲೆ ಎತ್ತುತ್ತಿತ್ತು. ಇನ್ನೊಬ್ಬರಾಗಿದ್ದರೆ ಫಿಲ್ಟರನ್ನು ಬೈಯುತ್ತಿದ್ದರು. ಇವರು ಉಲ್ಟಾ ಯೋಚಿಸಿದರು. ತೂಕ ಎಷ್ಟು ತಪ್ಪಿತು ಅನ್ನೋದೇ ಆಮ್ಲಜನಕದ ಅಳತೆ ಆಗಬಹುದಲ್ವಾ? ಅದು 1974ರ ಮಾತು. ಈಗ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ 660 ನ್ಯಾನೊಮೀಟರ್ ಕೆಂಪು, 940 ನ್ಯಾನೊಮೀಟರ್ ಇನ್‌ಫ್ರಾರೆಡ್ ಬೆಳಕಿನಲ್ಲಿ ಮಾಡೋದು ಅದನ್ನೇ. ಅದರ ಸರ್ಕ್ಯೂಟ್ ಕಟ್ಟುವ ಪ್ರಯೋಗ ನಮ್ಮ ಲ್ಯಾಬಿನಲ್ಲಿ ಎಂಟನೇ ವಾರಕ್ಕೆ ಬರುತ್ತದೆ. ಬರುವಾಗ ಕನ್ವಲ್ಯೂಷನ್ ಲೆಕ್ಕ ಕೈಯಲ್ಲೇ ಹತ್ತು ಮಾಡಿಕೊಂಡು ಬನ್ನಿ.