ಎಣ್ಣೆಗೆ ಎಷ್ಟು ಬಿಸಿ ಹಿತ?

ಹೊಗೆಯ ನೂಕಿನಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೋ ಇರುವ ಹಳೆಯ ಕಾರಿನ ಎಂಜಿನ್ ಬಿಚ್ಚಿ ಕಟ್ಟಿಸಲು ಹೊರಟವರು ಚಿಕ್ಕಬಳ್ಳಾಪುರದ ಗ್ಯಾರೇಜುಗಳಲ್ಲಿ ಮೊದಲು ಕೇಳುವುದು ‘ಎಷ್ಟು ದೊಡ್ಡ ಆಯಿಲ್ ಕೂಲರ್ ಕೂರುತ್ತದೆ?’ ಎಂದು. ಈ ಪ್ರಶ್ನೆಯ ಬಗ್ಗೆಯೇ ನನ್ನ ತಕರಾರು. ಎಣ್ಣೆಯನ್ನು ತಣ್ಣಗಿಡುವುದು ಕೂಲರಿನ ಕೆಲಸವಲ್ಲ. ಅದನ್ನು ಹೆಚ್ಚುಕಡಿಮೆ 90ರಿಂದ 110 ಡಿಗ್ರಿ ಸೆಲ್ಸಿಯಸ್ ನಡುವೆ ಹಿಡಿದು ನಿಲ್ಲಿಸುವುದು ಅದರ ಕೆಲಸ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆದಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನೀರಿನ ಬಿಸಿ ಸಾಲದಿದ್ದರೆ ಗೂಡಿನ ಅಂಟು ಬಿಡದೆ ಎಳೆ ಹರಿಯುತ್ತದೆ, ಅತಿಯಾಗಿ ಬೆಂದರೆ ಗೂಡು ಮೆತ್ತಗಾಗಿ ಎಳೆ ಗೋಜಲಾಗುತ್ತದೆ.

ಟರ್ಬೋದೊಳಗಿನ ದಂಡ ನಿಮಿಷಕ್ಕೆ ಒಂದೂವರೆ ಲಕ್ಷ, ಅಂದರೆ ಸೆಕೆಂಡಿಗೆ 2,500 ಸುತ್ತು ತಿರುಗುವುದು ಅಸಾಧಾರಣವೇನಲ್ಲ. ಹಳೆಯ ಟರ್ಬೋಗಳ ಪೈಕಿ ಹೆಚ್ಚಿನವುಗಳಲ್ಲಿ ಆ ದಂಡವನ್ನು ಹೊತ್ತಿರುವುದು ಗುಂಡುಗಳ ಬೇರಿಂಗ್ ಅಲ್ಲ, ಕಂಚಿನ ಬುಷ್ಷು ಮತ್ತು ತಲೆಗೂದಲಿಗಿಂತ ತೆಳುವಾದ ಎಣ್ಣೆಯ ಪದರ. ಇಷ್ಟು ತೆಳುವಾದ ಪದರ ಭಾರ ಹೊರಬಲ್ಲದು ಎಂಬುದು ಮೊದಲು ಗೊತ್ತಾದದ್ದು ಒಂದು ತೂತಿನಿಂದ. 1883ರಲ್ಲಿ ಇಂಗ್ಲೆಂಡಿನ ಬೀಚಂ ಟವರ್ ರೈಲಿನ ಅಚ್ಚುಗಳ ಬೇರಿಂಗ್ ಪರೀಕ್ಷಿಸುತ್ತಿದ್ದಾಗ, ಎಣ್ಣೆ ಬಿಡಲೆಂದು ಬೇರಿಂಗ್‌ನ ನೆತ್ತಿಯಲ್ಲಿ ತೂತು ಕೊರೆದ. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಗೆ ಇಳಿಯುವ ಬದಲು ಅದೇ ತೂತಿನಿಂದ ಮೇಲಕ್ಕೆ ಉಕ್ಕಿತು. ಬಿರಡೆ ಜಡಿದರೆ ಬಿರಡೆಯನ್ನೇ ಹೊರಗೆ ತಳ್ಳಿತು. ಮೂರು ವರ್ಷಗಳ ಬಳಿಕ, 1886ರಲ್ಲಿ, ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ಬಿಡಿಸಿಟ್ಟ. ಭಾರಕ್ಕೆ ಒಂದು ಪಕ್ಕಕ್ಕೆ ಸರಿದ ದಂಡ ತಿರುಗುತ್ತ, ತನಗೆ ಅಂಟಿದ ಎಣ್ಣೆಯನ್ನು ಅಗಲವಾದ ಸಂದಿನಿಂದ ಕಿರಿದಾದ ಸಂದಿಗೆ ಎಳೆದು ತುರುಕುತ್ತದೆ. ಜಾತ್ರೆಯ ದಿನ ಹಿಂದಿನವರ ನೂಕಿಗೆ ಜನ ಗುಡಿಯ ಕಿರುಬಾಗಿಲಿಗೆ ಬಂದಾಗ ಬಾಗಿಲುವಾಡದ ಮೇಲೆ ಬೀಳುತ್ತದಲ್ಲ, ಅಂಥದೇ ಒತ್ತಡ ಅಲ್ಲಿ ಹುಟ್ಟುತ್ತದೆ. ಮಳೆನೀರು ನಿಂತ ಹೆದ್ದಾರಿಯಲ್ಲಿ ವೇಗವಾಗಿ ಬಂದ ಕಾರಿನ ಚಕ್ರ ನೆಲ ಬಿಟ್ಟು ನೀರಿನ ಮೇಲೆ ತೇಲುವುದೂ ಇದೇ ಬಲದಿಂದ. ರಸ್ತೆಯಲ್ಲಿ ಅದು ಅಪಾಯ, ಬೇರಿಂಗ್‌ನಲ್ಲಿ ಅದೇ ಜೀವಾಳ.

ಈ ತೇಲುವಿಕೆ ಎಣ್ಣೆಯ ಸ್ನಿಗ್ಧತೆಯನ್ನು, ಆಡುಮಾತಿನಲ್ಲಿ ಹೇಳುವುದಾದರೆ ಅದರ ಮಂದತನವನ್ನು, ನೆಚ್ಚಿಕೊಂಡಿದೆ. ಸಾಮಾನ್ಯ 5ಡಬ್ಲ್ಯೂ-40 ದರ್ಜೆಯ ಎಂಜಿನ್ ಎಣ್ಣೆ 40 ಡಿಗ್ರಿಯಿಂದ 100 ಡಿಗ್ರಿಗೆ ಕಾಯುವಷ್ಟರಲ್ಲಿ ಅದರ ಸ್ನಿಗ್ಧತೆ ಸುಮಾರು ಆರರಲ್ಲೊಂದು ಪಾಲಿಗೆ ಇಳಿಯುತ್ತದೆ. ಎಂಜಿನ್ ರೂಪಿಸಿದವರು ಸಂದುಗಳ ಅಳತೆ ಇಟ್ಟಿರುವುದು ಈ ಇಳಿದ ಸ್ನಿಗ್ಧತೆಗೇ. 130 ದಾಟಿದರೆ ಪದರ ತೀರ ತೆಳುವಾಗುವುದಲ್ಲದೆ, ಪ್ರತಿ 10 ಡಿಗ್ರಿಗೆ ಸರಿಸುಮಾರು ಇಮ್ಮಡಿಯಾಗುವ ಉತ್ಕರ್ಷಣೆಯಿಂದ, ಅಂದರೆ ಗಾಳಿಯ ಆಮ್ಲಜನಕ ಕೂಡಿಕೊಳ್ಳುವುದರಿಂದ, ಎಣ್ಣೆಯೇ ಕೆಡುತ್ತದೆ.

ತಣ್ಣಗಾದರೆ ಏನು ನಷ್ಟ ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ: ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಅದರ ಬಹುಪಾಲು ಆವಿಯಾಗಿ ಸೈಲೆನ್ಸರ್ ಮೂಲಕ ಹೋದರೂ, ಅಲ್ಪಸ್ವಲ್ಪ ಪಿಸ್ಟನ್ ರಿಂಗುಗಳ ಪಕ್ಕದಿಂದ ನುಸುಳಿ ಎಣ್ಣೆಯನ್ನು ಸೇರುತ್ತದೆ. ಎಣ್ಣೆ ಚೆನ್ನಾಗಿ ಕಾದರೆ ಮಾತ್ರ ಆ ನೀರು ಮತ್ತೆ ಆವಿಯಾಗಿ ಹೊರಬೀಳುತ್ತದೆ. ಸದಾ 60–70 ಡಿಗ್ರಿಯಲ್ಲೇ ಓಡುವ ಎಂಜಿನ್ನಿನಲ್ಲಿ ಅದು ಉಳಿದು, ಎಣ್ಣೆ ತುಂಬುವ ಬಾಯಿಯ ಮುಚ್ಚಳದ ಒಳಮೈಗೆ ಹಾಲಿನ ಕೆನೆಯಂಥ ಲೋಳೆ ಹಿಡಿಯುತ್ತದೆ.

ಇನ್ನು ಆಯ್ಕೆ. ಮೊದಲನೆಯದು ಎಂಜಿನ್ ತಣಿಸುವ ದ್ರವವಾದ ಕೂಲಂಟಿನೊಂದಿಗೆ ಶಾಖ ಬದಲಿಸಿಕೊಳ್ಳುವ ಕೂಲರ್. 2000ರ ದಶಕದ ಆರಂಭದ ಸ್ಕೋಡಾ ಆಕ್ಟೇವಿಯಾ 1.8 ಟರ್ಬೋದಂಥ ಕಾರುಗಳಲ್ಲಿ ಆಯಿಲ್ ಫಿಲ್ಟರ್ ಕೂರುವ ಜಾಗದಲ್ಲೇ ಕಂಪನಿ ಇದನ್ನು ಕೊಟ್ಟಿದೆ. ಇದರ ಸೊಗಸೆಂದರೆ ಬೆಳಗಿನ ಚಳಿಯಲ್ಲಿ ಬೇಗ ಕಾಯುವ ಕೂಲಂಟು ಎಣ್ಣೆಗೂ ಶಾಖ ಕೊಡುತ್ತದೆ, ಆಮೇಲೆ ತಾನೇ ಹಿಂತೆಗೆದುಕೊಳ್ಳುತ್ತದೆ. ದಿನನಿತ್ಯ ಓಡಿಸುವ ಕಾರಿಗೆ ನನ್ನ ಮತ ಇದಕ್ಕೇ, ಆದರೆ ನಮ್ಮ ಸೀಮೆಯಲ್ಲಿ ಒಂದು ಷರತ್ತಿನೊಂದಿಗೆ. ಕೋಲಾರ, ಚಿಕ್ಕಬಳ್ಳಾಪುರಗಳ ಕೊಳವೆಬಾವಿ ನೀರಿನ ಗಡಸುತನ ಮನೆಯ ಗೀಸರಿನ ಕಾಯಿಲನ್ನು ನೋಡಿದವರಿಗೆಲ್ಲ ಗೊತ್ತು. ಅದೇ ನೀರನ್ನು ರೇಡಿಯೇಟರಿಗೆ ಸುರಿಯುತ್ತ ಬಂದರೆ ಕೂಲರಿನ ಕಿರಿದಾದ ನಾಳಗಳಲ್ಲಿ ಸುಣ್ಣ ಕಟ್ಟಿ ಶಾಖ ದಾಟುವುದೇ ಇಲ್ಲ. ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟನ್ನಲ್ಲದೆ ಬೇರೇನನ್ನೂ ಹಾಕಬಾರದು.

ಎರಡನೆಯದು ಬಂಪರಿನ ಹಿಂದೆ ಗಾಳಿಗೆ ಒಡ್ಡುವ ಕೂಲರ್. ಟರ್ಬೋದ ಒತ್ತಡ ಏರಿಸಿದ ಕಾರಿಗೆ, ಹೆದ್ದಾರಿಯಲ್ಲಿ ಬಹಳ ಹೊತ್ತು ಜೋರಾಗಿ ಓಡುವ ಕಾರಿಗೆ ಇದು ಬೇಕಾಗಬಹುದು. ಆಗಲೂ ಎಂಜಿನ್ ಮತ್ತು ಫಿಲ್ಟರ್ ನಡುವೆ ಕೂರುವ, ಸುಮಾರು 80 ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟ್ ಇರುವ ಸ್ಯಾಂಡ್‌ವಿಚ್ ಪ್ಲೇಟ್ ಇಲ್ಲದೆ ಹಾಕಿಸಬಾರದು. ಇದರ ದೌರ್ಬಲ್ಯವನ್ನು ನಂದಿ ಬೆಟ್ಟವೇ ತೋರಿಸುತ್ತದೆ. ಭಾನುವಾರ ಬೆಳಗ್ಗೆ 1,478 ಮೀಟರ್ ಎತ್ತರದ ಆ ನೆತ್ತಿಗೆ ಸಾಲುಗಟ್ಟಿ ತೆವಳುವಾಗ ಎಂಜಿನ್ನಿನ ಮೇಲೆ ಭಾರ ಹೆಚ್ಚು, ಮುಂದಿನಿಂದ ಬರುವ ಗಾಳಿ ಕಡಿಮೆ. ಜೊತೆಗೆ ಆಯುಧಪೂಜೆಯ ಬಾಳೆಕಂದು, ಚೆಂಡುಹೂವಿನ ಹಾರಗಳನ್ನು ಗ್ರಿಲ್ಲಿನ ಮೇಲೆ ವಾರಗಟ್ಟಲೆ ಬಿಟ್ಟುಕೊಂಡರೆ ಆ ಗಾಳಿಯೂ ಇಲ್ಲ. ಚಕ್ರದ ಕೆಳಗಿನ ನಿಂಬೆಹಣ್ಣಿನ ಬಗ್ಗೆ ನನ್ನದೇನೂ ಜಗಳವಿಲ್ಲ, ಗಾಳಿಯ ದಾರಿ ಮುಚ್ಚುವುದರ ಬಗ್ಗೆ ಇದೆ.

ಎಂಜಿನ್ ನಿಲ್ಲಿಸಿದ ಮೇಲೆ ಟರ್ಬೋವನ್ನು ಕೂಲರ್ ಕಾಯುತ್ತದೆ ಎಂಬ ನಂಬಿಕೆಯೂ ಪೊಳ್ಳು. ಪಂಪು ನಿಂತರೆ ಎಣ್ಣೆ ಹರಿಯುವುದಿಲ್ಲ. ಕೆಂಪಗೆ ಕಾದ ಟರ್ಬೈನ್ ಕಡೆಯ ಶಾಖ ಬೇರಿಂಗ್‌ಗೆ ಹರಿದು, ಅಲ್ಲೇ ನಿಂತ ಎಣ್ಣೆಯನ್ನು ಸುಟ್ಟು ಕರಿಕಾಗಿಸುತ್ತದೆ. ಬೆಟ್ಟ ಹತ್ತಿದ ಮೇಲೆ ಒಂದು ನಿಮಿಷ ಎಂಜಿನ್ನನ್ನು ಸುಮ್ಮನೆ ಓಡಲು ಬಿಡುವುದು, ಟರ್ಬೋದ ನಡುಭಾಗಕ್ಕೆ ಬರುವ ನೀರಿನ ಪೈಪುಗಳನ್ನು ‘ರಗಳೆ’ ಎಂದು ಕಿತ್ತುಹಾಕದಿರುವುದು, ಇವೆರಡೇ ಅದಕ್ಕೆ ಪರಿಹಾರ.

ನನ್ನ ಕಾರಿನ ಟರ್ಬೋ ಬೇರಿಂಗ್ ತಿಂದುಹೋದಾಗ, ಹಳೆಯ ಕೂಲರನ್ನೇ ತೊಳೆದು ಹಾಕೋಣವೆಂದು ನಾನು ಹಟ ಹಿಡಿದಿದ್ದೆ. ಮೇಸ್ತ್ರಿ ಮರುಮಾತಾಡದೆ ಸೀಮೆಎಣ್ಣೆ ತುಂಬಿ ಅಲ್ಲಾಡಿಸಿ ಸುರಿದರು. ನಾಲ್ಕನೆಯ ಸಲ ಶುದ್ಧವಾಗಿಯೇ ಬಂತು. ಬಳಿಕ ಅದನ್ನು ತಲೆಕೆಳಗಾಗಿ ಹಿಡಿದು ರಬ್ಬರ್ ಸುತ್ತಿಗೆಯಿಂದ ಎರಡೇಟು ಹಾಕಿ, ಕೆಳಗೆ ಬಿಳಿ ಪಂಚೆಯ ತುಂಡು ಒಡ್ಡಿದರು. ಬಟ್ಟೆಯ ಮೇಲೆ ಬಂಗಾರದ ಧೂಳಿನಂತೆ ಕಂಚಿನ ಪುಡಿ ಮಿನುಗಿತು. “ಇದು ಹೊಸ ಬೇರಿಂಗ್‌ಗೆ ಹೋಗಬೇಕಾ ಸಾರ್?” ಎಂದರು. ಹೊಸ ಕೂಲರ್ ತಂದೆ.

ಹೋಸುಗಳ ವಿಚಾರದಲ್ಲಿ ಉಳಿತಾಯ ಬೇಡ: ಬಿಸಿ ಎಣ್ಣೆಯ ಒತ್ತಡ ತಡೆಯುವಂಥವೇ ಆಗಿರಬೇಕು, ಕಾರಿನ ಮೈಗೆ ಉಜ್ಜಬಾರದು. ಎಲ್ಲ ಜೋಡಿಸಿದ ಮೇಲೆ ಎಂಜಿನ್ ಹೊತ್ತಿಕೊಳ್ಳದಂತೆ ಫ್ಯೂಯೆಲ್ ಪಂಪಿನ ಫ್ಯೂಸ್ ತೆಗೆದು, ಎಣ್ಣೆಯ ಒತ್ತಡ ಬಂದು ಆಯಿಲ್ ಲೈಟು ಆರುವವರೆಗೆ ಸ್ಟಾರ್ಟರನ್ನು ಬಿಟ್ಟು ಬಿಟ್ಟು ತಿರುಗಿಸಬೇಕು. ಆಮೇಲೆ ಎಂಜಿನ್ ಎಬ್ಬಿಸಿ, ನಿಲ್ಲಿಸಿ, ಡಿಪ್‌ಸ್ಟಿಕ್ ನೋಡಿದರೆ ಮಟ್ಟ ಇಳಿದಿರುತ್ತದೆ. ಕೂಲರ್ ಮತ್ತು ಹೋಸುಗಳು ಕುಡಿದಷ್ಟು ಎಣ್ಣೆಯನ್ನು ಮತ್ತೆ ತುಂಬಬೇಕು.